ಮಗಳು ಹೇಳಿದ್ದ ಕುಂದಾ

ಹೃದಯತಜ್ಞರ ಸಮ್ಮೇಳನಕ್ಕೆ ಬಂದ ಅತಿಥಿಗಳಿಗೆಲ್ಲ ಬೆಳಗಾವಿ ಕುಂದಾ ಉಡುಗೊರೆ. ಅದನ್ನು ಮಾಡಿಕೊಟ್ಟ ಹೆಂಗಸು ಒಂದು ಡಬ್ಬಿಯನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡು, ಭಾಷಣ ಮುಗಿಸಿ ಇಳಿದ ಹಿರಿಯ ಡಾಕ್ಟರ ಎದುರು ನಿಂತಳು.

“ಇದು ನನ್ನ ಮಗಳು ಸುಗಂಧಾ ಕೊಟ್ಟದ್ದು ಅಂತ ತಿಳೀರಿ. ನಾಕು ವರ್ಷದ ಹಿಂದ ನೀವು ಆಪರೇಷನ್ ಮಾಡೂ ಮುಂದ, ‘ಎದ್ದಮ್ಯಾಲ ನಿಮಗ ನಮ್ಮವ್ವನ ಕುಂದಾ ಕೊಡ್ತೀನಿ’ ಅಂದಿದ್ಲು. ಕೊಟ್ಟ ಮಾತು ತಪ್ಪಬಾರದಲ್ಲರೀ.”

ಡಾಕ್ಟರ ಮುಖ ಅರಳಿತು. ಅಲ್ಲೇ ಮುಚ್ಚಳ ತೆಗೆದು ಒಂದು ಚೂರು ಬಾಯಿಗಿಟ್ಟುಕೊಂಡರು.

“ಆಹಾ, ಎಂಥ ಹದ! ಸುಗಂಧಾನ್ನೂ ಕರ್ಕೊಂಡು ಬರಬಾರದಿತ್ತೇನಮ್ಮ? ಈಗ ಎಷ್ಟನೇ ಕ್ಲಾಸು?”

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

“ಆಕಿ ಉಳೀಲಿಲ್ಲ ಅಂತ ಹೊರಗ ಬಂದು ಹೇಳಿದವರು ನೀವ ಅಲ್ಲೇನ್ರೀ?”