ತುತ್ತಿನ ನಡುವಿನ ಗುಳಿ

ಕ್ಷಮಿಸಿ... ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಸಂಜೆ ಕಾಲೇಜಿನಲ್ಲಿ ಓದಿದವಳು, ಬರೆದು ಅಭ್ಯಾಸವಿಲ್ಲ. ಮೂರು ಸಲ ಟೈಪ್ ಮಾಡಿ ಅಳಿಸಿದ್ದೇನೆ.

ಊಟ ಮಾಡುತ್ತಾ ಮೊಬೈಲ್ ನೋಡುತ್ತಿದ್ದರೆ ದಯವಿಟ್ಟು ಆಮೇಲೆ ಓದಿ... ಇದರಲ್ಲಿ ಸ್ವಲ್ಪ ಹೇಸಿಗೆ ಇದೆ.

ನಾನು ತುಮಕೂರಿನಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರಕ್ತ, ಮೂತ್ರ, ಕಫದ ಡಬ್ಬಿಗಳು... ಇಡೀ ದಿನ ಕೈಯಲ್ಲಿ ಗ್ಲೌಸ್. ಮನೆಗೆ ಬಂದರೂ ಎಲ್ಲೆಲ್ಲೂ ಕೊಳೆಯೇ ಕಾಣುತ್ತದೆ.

ನಮ್ಮತ್ತೆ ಪುಟ್ಟತಾಯಮ್ಮ ಮೂವತ್ತು ವರ್ಷ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿದವರು. ಕಬ್ಬಿಣದ ಸುತ್ತಿಗೆ, ಹುಣಸೆಯ ಹುಳಿ... ಬೆರಳುಗಳಿಗೆ ಕಪ್ಪು ಹಿಡಿದುಬಿಟ್ಟಿದೆ.

ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಸುಟ್ಟ ಬದನೆಕಾಯಿಯ ಸಿಪ್ಪೆಯಂತಾಗಿದೆ. ಎಷ್ಟು ಉಜ್ಜಿದರೂ ಆ ಬಣ್ಣ ಹೋಗುವುದಿಲ್ಲ.

ಭಾನುವಾರ ಸಂಜೆ ಅದೇ ಕೈಯಿಂದ ನಮಗೆಲ್ಲ ಕೈತುತ್ತು.

ಉಳಿದ ಅನ್ನ, ಪಲ್ಯ, ಸಾರು ಎಲ್ಲವನ್ನೂ ಒಂದು ದೊಡ್ಡ ಪಾತ್ರೆಗೆ ಹಾಕಿ ಕಲಸುತ್ತಾರೆ. ಸುತ್ತಲೂ ನನ್ನ ಗಂಡ ಯತಿರಾಜ, ಏಳು ವರ್ಷದ ಮಗಳು ಸಿಂಚನ, ನಾನು.

ಉಂಡೆ ಕಟ್ಟಿ ನಮ್ಮ ಅಂಗೈಗೆ ಇಡುತ್ತಾರೆ. ಅದರ ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ, ಗುಳಿ ತುಂಬ ಬಿಸಿ ಸಾರು ಬಿಡುತ್ತಾರೆ.

"ಸಾರು ಚೆಲ್ಲಿದ್ರೆ ಸೋತಂಗೆ ಕಣವ್ವ... ಹಾಕು ಬಾಯ್ಗೆ!"

ಸಿಂಚನ ಕೇಕೆ ಹಾಕಿ ನಗುತ್ತಿದ್ದಳು. ಅತ್ತೆಗಂತೂ ವಾರವಿಡೀ ಅದೊಂದೇ ಹಬ್ಬ. ಬೆಳಿಗ್ಗೆ ಏಳುತ್ತಲೇ, "ಇವತ್ತು ಭಾನ್ವಾರ ಅಲ್ವೇನೇ?" ಎಂದು ಮೊಮ್ಮಗಳನ್ನು ಕೇಳುತ್ತಿದ್ದರು.

ನನಗೆ ಮಾತ್ರ ಆ ಗುಳಿಯಲ್ಲಿ ಕಾಣುತ್ತಿದ್ದದ್ದು ಆ ಹೆಬ್ಬೆರಳೇ. ಸೀಳಿದ ಉಗುರಿನ ಸಂದಿಯಲ್ಲಿ ಸಿಕ್ಕಿಕೊಂಡ ಅನ್ನದ ಅಗುಳು... ಥೂ.

"ನೀರು ತರ್ತೀನಿ" ಎಂದು ತುತ್ತು ಹಿಡಿದುಕೊಂಡೇ ಅಡುಗೆಮನೆಗೆ ಹೋಗುತ್ತಿದ್ದೆ. ಸಿಂಕಿನ ಕೆಳಗಿನ ಕಸದ ಬುಟ್ಟಿಗೆ ಹಾಕಿ, ಮೇಲೆ ಈರುಳ್ಳಿ ಸಿಪ್ಪೆ ಮುಚ್ಚಿ, ಬಾಯಿ ಒರೆಸಿಕೊಂಡು ಬರುತ್ತಿದ್ದೆ.

"ಚೆನ್ನಾಗಿತ್ತಾ ವನಜಾ?"

"ಚೆನ್ನಾಗಿತ್ತು ಅತ್ತೆ..."

ಹೀಗೆ ಎಷ್ಟು ಭಾನುವಾರಗಳು ಕಳೆದವೋ.

ಒಂದು ಸಂಜೆ ಸಿಂಚನ ತುತ್ತು ಹಿಡಿದುಕೊಂಡು ಎದ್ದಳು. "ನೀರು ತರ್ತೀನಿ ಅಜ್ಜಿ."

ನನ್ನದೇ ಮಾತು ಅದು. ಹಿಂದೆಯೇ ಹೋದೆ.

ಅವಳು ಬುಟ್ಟಿಯ ಮುಚ್ಚಳ ತೆಗೆದಳು. ತುತ್ತು ಹಾಕಿದಳು. ಥೇಟ್ ನನ್ನ ಹಾಗೆಯೇ ಮೇಲೆ ಸಿಪ್ಪೆ ಮುಚ್ಚಿದಳು.

"ಅಜ್ಜಿ ಕೈ ಛೀ... ಅಲ್ವಾ ಅಮ್ಮ?" ಎಂದು ಪಿಸುಗುಟ್ಟಿ ಕಣ್ಣು ಮಿಟುಕಿಸಿದಳು. ನಮ್ಮಿಬ್ಬರದೇ ಗುಟ್ಟು ಎನ್ನುವ ಹಾಗೆ.

ಬೈಯಬೇಕಿತ್ತು... ಯಾವ ಬಾಯಲ್ಲಿ ಬೈಯಲಿ? ಸ್ವಂತ ಅಜ್ಜಿಯ ಕೈಗೆ ಹೇಸುವುದನ್ನು ಆ ಮಗುವಿಗೆ ಕಲಿಸಿದವಳು ನಾನೇ.

ಮುಂದಿನ ಭಾನುವಾರ ಅತ್ತೆ ಪಾತ್ರೆಯ ಮುಂದೆ ಕುಳಿತಾಗ ಅವರ ಬಲಗೈಯಲ್ಲಿ ನೀಲಿ ಗ್ಲೌಸ್ ಇತ್ತು. ನನ್ನ ಲ್ಯಾಬಿನದು.

ಯತಿರಾಜ ಜೋರಾಗಿ ನಕ್ಕರು. "ಏನಮ್ಮ, ಆಪರೇಷನ್ ಮಾಡೋಕ್ ಹೊಂಟಿದ್ದೀಯಾ?"

"ಸುಮ್ನಿರೋ. ನಿನ್ ಹೆಂಡ್ತಿ ಬ್ಯಾಗಿಂದ ಹೊಸದೊಂದು ತಗಂಡೆ. ಕಂಡೋರ ರಕ್ತ ಮುಟ್ಟೋಕೇ ಅವ್ಳು ಇಷ್ಟು ಚೊಕ್ಕಟವಾಗಿರ್ತಾಳೆ... ಮನೆಯೋರ ಅನ್ನ ಮುಟ್ಟೋಳು ನಾನು ಇರಬಾರ್ದಾ?"

ಆ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು...

ಗ್ಲೌಸ್ ಅವರ ಕೈಗೆ ದೊಡ್ಡದು. ಬೆರಳ ತುದಿಗಳು ಜೋಲುತ್ತಿದ್ದವು. ಅನ್ನವೆಲ್ಲ ಅದಕ್ಕೇ ಮೆತ್ತಿಕೊಂಡಿತು. ಗುಳಿ ಒತ್ತಿದರೆ ಉಂಡೆಯೇ ಬಿರಿದು, ಸಾರು ಸಿಂಚನಳ ಫ್ರಾಕಿಗೆ ಚೆಲ್ಲಿತು.

"ಗುಳಿ ಬರ್ತಿಲ್ಲ ಅಜ್ಜಿ..."

"ಬರ್ತದೆ ಕಣವ್ವ, ತಡಿ..." ಮತ್ತೆ ಒತ್ತಿದರು. ಮತ್ತೆ ಒಡೆಯಿತು. ಸಿಂಚನ ನಗಲಿಲ್ಲ.

ನನ್ನ ಸರದಿ ಬಂತು. ತುತ್ತನ್ನು ಬಾಯಿಯ ಹತ್ತಿರ ತಂದೆ. ರಬ್ಬರ್ ವಾಸನೆ... ಕಫದ ಡಬ್ಬಿಗಳನ್ನು ಮುಚ್ಚುವಾಗ ಮೂಗಿಗೆ ಬಡಿಯುವ ಅದೇ ವಾಸನೆ.

ಈ ಸಲ ಹೇಸಿಗೆ ಹುಟ್ಟಿದ್ದು ಅತ್ತೆಯ ಕೈ ನೋಡಿ ಅಲ್ಲ... ನನ್ನನ್ನು ನಾನು ನೋಡಿಕೊಂಡು.

ಅವರ ಕೈ ಹಿಡಿದುಕೊಂಡೆ. ಲ್ಯಾಬಿನಲ್ಲಿ ತೆಗೆಯುವ ಹಾಗೆ ಮಣಿಕಟ್ಟಿನಿಂದ ಗ್ಲೌಸ್ ಸುಲಿದೆ.

ಒಳಗೆ ಬೆವೆತು ಸುಕ್ಕಾದ ಕೈ. ಸೋಪಿನ ಘಮ. ಬೆರಳುಗಳ ತುಂಬ ಕೆಂಪು ಗೀರುಗಳು... ಕಪ್ಪು ಹೋಗಲೆಂದು ತೆಂಗಿನ ನಾರಿನಿಂದ ಚರ್ಮ ಸುಲಿಯುವ ತನಕ ಉಜ್ಜಿಕೊಂಡಿದ್ದರು.

ಕಪ್ಪು ಮಾತ್ರ ಹಾಗೆಯೇ ಇತ್ತು.

"ಗುಳಿ ಒತ್ತಿ ಅತ್ತೆ."

"ಕೈ ಕರ್ರಗೈತೆ ಕಣಮ್ಮ..."

"ಇರ್ಲಿ. ಒತ್ತಿ."

ಸುಳ್ಳು ಹೇಳುವುದಿಲ್ಲ... ಬಾಯಿಗಿಡುವಾಗ ಕಣ್ಣು ಆಗಲೂ ಆ ಉಗುರಿನ ಕಡೆಗೇ ಹೋಯಿತು. ಅಷ್ಟು ದಿನದ ಹೇಸಿಗೆ ಒಂದೇ ತುತ್ತಿಗೆ ಹೋಗುವಂಥದ್ದಲ್ಲ. ಆದರೂ ನುಂಗಿದೆ. ಅವಸರದಲ್ಲಿ ಸಾರು ಚೆಲ್ಲಿ ಮೊಣಕೈವರೆಗೂ ಹರಿಯಿತು.

"ಅಮ್ಮ ಸೋತ್ಲು!" ಸಿಂಚನ ಚಪ್ಪಾಳೆ ತಟ್ಟಿದಳು. ಆಮೇಲೆ ನನ್ನ ಮುಖವನ್ನೊಮ್ಮೆ ನೋಡಿ, ತಾನೂ ಪುಟ್ಟ ಅಂಗೈ ಚಾಚಿದಳು. "ಅಜ್ಜಿ, ನಂಗೂ... ದೊಡ್ಡ ಗುಳಿ."

ಅತ್ತೆ ನಕ್ಕರು. ನಾನು ನೀರು ತರುವ ನೆಪ ಮಾಡಿ ಎದ್ದು ಹೋದೆ... ಈ ಸಲ ಅಳುವುದಕ್ಕೆ.

*

ಮನೆಯ ಸಂತೋಷ ಒಂದು ಅಂಗೈಯಷ್ಟೇ ದೊಡ್ಡದು... ಹೇಸಿಕೊಂಡರೆ ಅದು ಸೀದಾ ಕಸದ ಬುಟ್ಟಿಗೆ ಹೋಗುತ್ತದೆ.

ನಿಮ್ಮ ಮನೆಯಲ್ಲಿ ನೀವು ಮುಖ ತಿರುಗಿಸಿದ ಕೈ ಯಾರದು? ಇವತ್ತು ಊಟಕ್ಕೆ ಕೂರುವ ಮುಂಚೆ ಒಮ್ಮೆ ಯೋಚಿಸುತ್ತೀರಾ?

ಅತ್ತೆಗೆ ಹೇಗೆ ಗೊತ್ತಾಯಿತು? ಸಿಂಚನ ಬಾಯಿ ಬಿಟ್ಟಳೋ... ಅಥವಾ ಮೊದಲ ವಾರದಿಂದಲೇ ನೋಡಿದ್ದರೋ? ಪ್ರತಿ ಸೋಮವಾರ ಆ ಕಸದ ಬುಟ್ಟಿ ಖಾಲಿ ಮಾಡುತ್ತಿದ್ದವರು ಅವರೇ. ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇನ್ನೂ ಬಂದಿಲ್ಲ.