ಮಿಸ್ ಹೇಳಿದ ಮಾತು

"ಇದು ನಿಮ್ಮ ದನೀನೇ ತಾನೇ ಮೇಡಂ?" ಎನ್ನುತ್ತ ಆ ಹೆಂಗಸು ಮೊಬೈಲನ್ನು ಟೀಚರ ಕಿವಿಯ ಹತ್ತಿರಕ್ಕೇ ಹಿಡಿದಳು. ಶಾಲೆ ಬಿಟ್ಟು ಮಕ್ಕಳೆಲ್ಲ ಹೊರಟಾಗಿತ್ತು. ಹೊಲಿಗೆ ಮಷಿನ್ ಮುಂದಿನಿಂದ ಹಾಗೇ ಎದ್ದು ಬಂದವಳಂತೆ ಆಕೆಯ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ನಾಲ್ಕನೇ ತರಗತಿಯ ಮಗಳು ಅವಳ ಬೆನ್ನಿಗೆ ಅಂಟಿಕೊಂಡು ನೆಲ ನೋಡುತ್ತ ನಿಂತಿದ್ದಳು.

ಮೊಬೈಲಿನಿಂದ ಮೊದಲು ಏನೂ ಕೇಳಿಸಲಿಲ್ಲ. ಕೆಟ್ಟಿದೆಯೇನೋ ಎಂದುಕೊಳ್ಳುವಷ್ಟರಲ್ಲಿ ಮಾತು ಬಂತು: "ತುಂಬಾ ಚೆನ್ನಾಗಿ ಬರೆದಿದ್ದೀಯಾ. ನನಗೆ ಬಹಳ ಸಂತೋಷವಾಯಿತು. ಎಲ್ಲರೂ ಇವಳನ್ನ ನೋಡಿ ಕಲೀರಿ!"

ದನಿ ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೇಳಿದ್ದು ಯಾವಾಗ? ಟೀಚರು ಕಕ್ಕಾಬಿಕ್ಕಿಯಾದರು. ಹಾಜರಿಯಲ್ಲಿ 'ಇಪ್ಪತ್ತಮೂರು' ಎಂದರೆ 'ಎಸ್ ಮಿಸ್' ಎನ್ನುವ ಹುಡುಗಿ ಇವಳು, ಕೂರುವುದು ಕಿಟಕಿಯ ಪಕ್ಕ, ಅಷ್ಟು ಗೊತ್ತು. ಇವಳು ಏನನ್ನಾದರೂ ಚೆನ್ನಾಗಿ ಬರೆದದ್ದು ನೆನಪಿಲ್ಲ, ಕೆಟ್ಟದಾಗಿ ಬರೆದದ್ದೂ ನೆನಪಿಲ್ಲ. ಹೇಳಿದ್ದನ್ನು ಮರೆತೇಬಿಡುವಷ್ಟು ತಲೆ ಕೆಟ್ಟಿತೇ ಎಂದು ಅವರಿಗೆ ಒಳಗೊಳಗೇ ಹೆದರಿಕೆಯೂ ಆಯಿತು.

"ಫೋಟೋಗೆ ಮಾತು ಸೇರ್ಸೋ ಪ್ರಾಜೆಕ್ಟ್ ಕೊಟ್ಟಿದ್ರಲ್ಲ, ಅದನ್ನ ನೋಡೋಣ ಅಂತ ಮೊಬೈಲ್ ತಗೊಂಡ್ರೆ ಇದು ಸಿಕ್ತು. ಇವಳು ಒಂದು ಮಾತೂ ಹೇಳಿರ್ಲಿಲ್ಲ ನೋಡಿ! ಮೀಟಿಂಗಿಗೆ ಬಂದಾಗೆಲ್ಲ ನೀವು 'ಪರವಾಗಿಲ್ಲ' ಅಂತಿದ್ರಿ. ನನ್ನ ಮಗಳು ಅಷ್ಟಕ್ಕಷ್ಟೇ ಅಂದ್ಕೊಂಡು ನಾನೂ ಸುಮ್ನಾಗಿದ್ದೆ." ಆಕೆಯ ಕಣ್ಣು ತುಂಬಿ ಬಂತು. "ಸಂತೋಷ ಅನ್ನೋವಾಗ ನಿಮ್ಗೆ ಗಂಟಲೇ ಕಟ್ಬಿಟ್ಟಿದೆ ಮೇಡಂ. ಕೇಳಿ ನಂಗೂ ಅಳು ಬಂತು."

ಗಂಟಲು ಕಟ್ಟಿತ್ತೇ? ಹೌದು, ಆ ಜಾಗದಲ್ಲಿ ದನಿ ಇದ್ದಕ್ಕಿದ್ದಂತೆ ದಪ್ಪಗಾಗಿತ್ತು. ಇನ್ನೂ ಒಂದು ವಿಚಿತ್ರವೆಂದರೆ 'ಬರೆದಿದ್ದೀಯಾ' ಎನ್ನುವುದು ಹೊಗಳಿಕೆಯಂತಿರದೆ ಗದರಿಸಿ ಕೇಳಿದಂತಿತ್ತು. ಟೀಚರಿಗೆ ಅದರ ತಲೆಬುಡ ಒಂದೂ ತಿಳಿಯಲಿಲ್ಲ.

"ಅದೇನು ಬರೆದಿದ್ಳು ಮೇಡಂ?"

ಹುಡುಗಿ ಆಗ ಮೊದಲ ಸಲ ತಲೆಯೆತ್ತಿದಳು. ಅವಳ ಕಣ್ಣಲ್ಲಿ ಪ್ರಾಣವೇ ಇರಲಿಲ್ಲ. ತಮ್ಮ ದನಿಯನ್ನೇ ತಾವು ಸುಳ್ಳು ಎನ್ನುವುದಾದರೂ ಹೇಗೆ? "ಅದು... ಪ್ರಬಂಧ," ಎಂದು ಟೀಚರು ತಡವರಿಸಿದರು. "ಹೌದು, ನಾನೇ ಹೇಳಿದ್ದು."

ತಾಯಿಯ ಮುಖ ಊರಗಲವಾಯಿತು. ಹೆಡ್‌ಮಾಸ್ಟರಿಗೂ ಕೇಳಿಸಿ ಬರುತ್ತೇನೆಂದು, ಬೇಡ ಎನ್ನಲು ಬಿಡುವೇ ಕೊಡದೆ, ಮಗಳನ್ನು ಅಲ್ಲೇ ಬಿಟ್ಟು ಮೊಬೈಲ್ ಹಿಡಿದು ಸರಸರ ಹೊರಟೇಬಿಟ್ಟಳು.

"ನಿಜ ಹೇಳು ಪುಟ್ಟಿ, ನಾನು ಯಾವತ್ತು ಹೇಳ್ದೆ ಅದನ್ನ?"

"ಬೇರೆ ಬೇರೆ ದಿನ ಹೇಳಿದ್ರಿ ಮಿಸ್."

"ಅಂದ್ರೆ?"

ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿ ಮನೆಗಳಿಗೆ ಕಳಿಸುವುದು ಆ ವರ್ಷ ಶುರುವಾಗಿತ್ತು. ಹುಡುಗಿ ಮೇಜಿನ ಮೇಲಿದ್ದ ತರಗತಿಯ ಟ್ಯಾಬಿನತ್ತ ಬೆರಳು ತೋರಿಸಿದಳು. "ಅದ್ರಲ್ಲಿ ಬರೋ ಪಾಠದಿಂದ ಕತ್ತರಿಸ್ಕೊಂಡೆ ಮಿಸ್. 'ತುಂಬಾ ಗಲಾಟೆ ಮಾಡ್ತಿದ್ದೀರಿ' ಅಂದ್ರಲ್ಲ, ಅದ್ರಿಂದ 'ತುಂಬಾ'. 'ಕೈ ಚೆನ್ನಾಗಿ ತೊಳ್ಕೊಳ್ಳಿ' ಅನ್ನೋದ್ರಿಂದ 'ಚೆನ್ನಾಗಿ'. 'ಬರೆದಿದ್ದೀಯಾ' ನೀವು ದಿನಾ ಹೋಂವರ್ಕ್ ಕೇಳೋದು. ಸಂತೋಷ ಆಗಿದ್ದು ಸಿಂಹಕ್ಕೆ ಮಿಸ್, ಕಥೆ ಪಾಠದಲ್ಲಿ ನೀವು ದಪ್ಪ ದನಿ ಮಾಡಿ ಓದಿದ್ರಲ್ಲ. ಕೊನೇದು ನೀವು ಲೀಡರ್‌ಗೆ ಹೇಳಿದ್ದು, ಅದೊಂದು ಇಡಿಯಾಗೇ ಸಿಕ್ತು. ಅಮ್ಮ ಚೂರು ಬಟ್ಟೆ ಸೇರ್ಸಿ ದಿಂಬಿನ ಕವರ್ ಹೊಲೀತಾಳಲ್ಲ, ಹಾಗೇ ಸೇರಿಸ್ದೆ."

ಹಾಗಾದರೆ ಆ ತಾಯಿಗೆ ಅಳು ತರಿಸಿದ್ದು ಸಿಂಹ! ಟೀಚರಿಗೆ ನಗು ಬಂತು, ಸಿಟ್ಟೂ ಬಂತು. ಎರಡರಲ್ಲಿ ಯಾವುದನ್ನು ಮುಖದ ಮೇಲೆ ತರಬೇಕೆಂದು ತೋಚಲಿಲ್ಲ. "ಅಮ್ಮಂಗೆ ಹೀಗೆಲ್ಲ ಸುಳ್ಳು ಹೇಳ್ಬಹುದಾ?"

"ಅಮ್ಮಂಗೆ ಅಂತ ಮಾಡಿದ್ದಲ್ಲ ಮಿಸ್. ಪ್ರಾಜೆಕ್ಟಿಗೂ ಅಲ್ಲ." ಹುಡುಗಿಯ ದನಿ ಇಳಿಯಿತು. "ನಾನೊಬ್ಳೇ ಕೇಳೋಕೆ."

ಟೀಚರಿಗೆ ಸಂಕಟವಾಯಿತು. ಏನಾದರೊಂದು ಕೇಳಬೇಕಲ್ಲ ಎಂದು ಕೇಳಿದರು: "ಮೊದ್ಲಲ್ಲಿ ಸ್ವಲ್ಪ ಹೊತ್ತು ಏನೂ ಕೇಳ್ಸಲ್ವಲ್ಲ, ಅದ್ಯಾಕೆ?"

"ಅಲ್ಲಿ ನನ್ನ ಹೆಸ್ರು ಬರ್ಬೇಕಿತ್ತು ಮಿಸ್. ಎಲ್ಲಾ ಪಾಠದಲ್ಲೂ ಹುಡುಕಿದೆ. ಗಲಾಟೆ ಮಾಡೋರ ಹೆಸ್ರು ಬೇಕಾದಷ್ಟಿದೆ, ಜಾಣರದ್ದೂ ಇದೆ. ನಂದೊಂದೇ ಸಿಗ್ಲಿಲ್ಲ. ಅದಕ್ಕೆ ಜಾಗ ಬಿಟ್ಟಿದ್ದೀನಿ."

ಹೇಳುತ್ತಲೇ ಅವಳು ಟ್ಯಾಬನ್ನು ಟೀಚರ ಮುಂದಕ್ಕೆ ಸರಿಸಿ, ಗುಂಡಿ ಒತ್ತಿ, ಉಸಿರು ಬಿಗಿಹಿಡಿದು ನಿಂತಳು. "ಈಗೊಂದ್ಸಲ ಹೇಳ್ತೀರಾ ಮಿಸ್?"

ಟ್ಯಾಬಿನಲ್ಲಿ ಕೆಂಪು ಚುಕ್ಕೆ ಹೊತ್ತಿಕೊಂಡಿತು. ಟೀಚರು ಬಾಯಿ ತೆರೆದರು. ನಾಲಿಗೆಯ ತುದಿಗೆ ಬಂದದ್ದು ಇಪ್ಪತ್ತಮೂರು.