ಕೈ ತೊಳೆಯುವ ಒರಳು

ಮುದ್ದೆ ಉಂಡು ಕೈ ತೊಳೆಯಲು ಎದ್ದ ಮಲ್ಲಾಜಮ್ಮನಿಗೆ ಹೋಟೆಲಿನ ನಲ್ಲಿಯ ಕೆಳಗೆ ತನ್ನ ಮನೆಯ ಒರಳು ಕಂಡಿತು. ಅದೇ ಮುಕ್ಕಾದ ಅಂಚು. ಮಗ ಉಮಾಶಂಕರನ ಮದುವೆಗೆ ಪೂಜೆ ಮಾಡಿ ಅರಿಶಿನ ಕುಟ್ಟಿದ್ದು ಅದರಲ್ಲೇ. ಯಾರೋ ಗಿರಾಕಿ ಬಾಯಿ ಮುಕ್ಕಳಿಸಿ ಅದರೊಳಕ್ಕೆ ಉಗಿದ.

ಪಿರಿಯಾಪಟ್ಟಣದಿಂದ ಅವಳು ಮಗನನ್ನು ಕರೆದುಕೊಂಡು ಬಂದಿದ್ದೇ ಆ ಒರಳನ್ನು ಮೈಸೂರಿನ ಮ್ಯೂಸಿಯಂನಲ್ಲಿ ನೋಡಲು. ಅಲ್ಲೆಲ್ಲೂ ಸಿಗದೆ, ಹಸಿದು, ಪಕ್ಕದಲ್ಲೇ ಮುದ್ದೆ ಊಟದ ಬೋರ್ಡ್ ಕಂಡು ಒಳಗೆ ನುಗ್ಗಿದವಳೂ ಅವಳೇ.

“ಮ್ಯೂಸಿಯಮ್ಮಲ್ಲಿ ಮಡಗವ್ರೆ ಅಂದಿದ್ಯಲ್ಲೋ?”

“ಗುಜರಿಯವ್ನಿಗೆ ಕೊಟ್ಟೆ ಕಣವ್ವ. ಬುಡು, ಕಲ್ಲು ತಾನೇ?” ಎಂದ ಉಮಾಶಂಕರ.

ಚೆಂದಕ್ಕೆಂದು ಗೋಡೆಗೆ ತೂಗುಹಾಕಿದ್ದ ಒನಕೆಯನ್ನು ಕಿತ್ತುಕೊಂಡು ಅವಳು ಅವನ ಮೋರೆಗೆ ಬೀಸಿದಳು. ಹಲ್ಲು ಮುರಿಯಿತು. ಬಾಯ್ತುಂಬ ರಕ್ತ ತುಂಬಿಕೊಂಡು ಅವನು ಒರಳಿನತ್ತ ಬಗ್ಗಿದ. ಮಲ್ಲಾಜಮ್ಮ ಅವನ ಕೂದಲು ಹಿಡಿದು ತಲೆಯನ್ನು ಮೇಲಕ್ಕೆಳೆದಳು.

“ಅದ್ರೊಳಕ್ಕೆ ಉಗೀಬ್ಯಾಡ. ನುಂಗ್ಲಾ.”